ತಿರುಗದೆ ಬಂದ ಕರೆಂಟು

ಸಂಡೂರಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತಿದ್ದ ವರ್ಷಗಳಲ್ಲಿ ಹೊಸಪೇಟೆಯ ದಾರಿ ಅದಿರು ಲಾರಿಗಳದ್ದೇ ಆಗಿತ್ತು. ಅವು ನಿಂತರೆ ನಾವೂ ನಿಲ್ಲಬೇಕು. ಆ ದಿನ ಹೊಸಪೇಟೆಯ ವಿಜ್ಞಾನ ಪ್ರದರ್ಶನಕ್ಕೆ ನನ್ನ ವಿದ್ಯಾರ್ಥಿನಿಯೊಬ್ಬಳನ್ನು ಕರೆದುಕೊಂಡು ಹೊರಟಿದ್ದೆ. ಅವಳ ತೊಡೆಯ ಮೇಲೆ ರಟ್ಟಿನ ಡಬ್ಬ. ಅದರಲ್ಲಿ ಉರಿಯುವ ಅನಿಲದ ಹರಿವಿನಿಂದ ನೇರವಾಗಿ ವಿದ್ಯುತ್ ತೆಗೆಯುವ ಪುಟ್ಟ ಮಾದರಿ. ಮಳೆಗಾಲ ಪೂರ್ತಿ ಅದರ ಹಿಂದೆ ಬಿದ್ದಿದ್ದಳು.

ಗುಡ್ಡದ ತಿರುವಿನಲ್ಲಿ ಬಸ್ಸು ನಿಂತಿತು. ಮುಂದೆಲ್ಲೋ ಲಾರಿಯೊಂದು ಆಕ್ಸೆಲ್ ಮುರಿದು ಅಡ್ಡ ನಿಂತಿದೆಯಂತೆ. ಹಿಂದೆಯೂ ಲಾರಿಗಳು ಬಂದು ಕಚ್ಚಿಕೊಂಡವು. ಕಿಟಕಿ ತೆರೆದರೆ ಕೆಂಪು ದೂಳು, ಮುಚ್ಚಿದರೆ ಸೆಕೆ. ಮಧ್ಯಾಹ್ನಕ್ಕೆ ತೀರ್ಪುಗಾರರು ನೋಡಿ ಹೋಗಿಬಿಡುತ್ತಾರೆಂದು ಅವಳಿಗೂ ಗೊತ್ತಿತ್ತು. ಡಬ್ಬದ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದಳು. ಸೆಕೆ ತಾಳಲಾಗಲಿಲ್ಲ. ಇಬ್ಬರೂ ಕೆಳಗಿಳಿದೆವು.

ಪಕ್ಕದ ಲಾರಿಯ ಡ್ರೈವರ್ ನೆರಳಲ್ಲಿ ಸ್ಟವ್ ಹಚ್ಚಿ ಅನ್ನಕ್ಕಿಟ್ಟಿದ್ದ. ಡಬ್ಬದಲ್ಲಿ ಏನೆಂದು ವಿಚಾರಿಸಿದ. ಅವಳು ಅಲ್ಲೇ ಕಲ್ಲಿನ ಮೇಲೆ ಜೋಡಿಸತೊಡಗಿದಳು: ಎದುರುಬದುರು ಎರಡು ತಾಮ್ರದ ತಗಡು, ಸಂದಿಯ ಮೇಲೊಂದು, ಕೆಳಗೊಂದು ಹಳೆಯ ಸ್ಪೀಕರಿನ ಆಯಸ್ಕಾಂತ. ಅವಕ್ಕೆ ಆಗಲೇ ಅದಿರಿನ ದೂಳು ಮೀಸೆಯಂತೆ ಅಂಟಿತ್ತು, ದುಪಟ್ಟದಿಂದ ಒರೆಸಿದಳು. ಡಬ್ಬದಲ್ಲೇ ತಂದಿದ್ದ ಪುಟ್ಟ ಗ್ಯಾಸ್ ಬರ್ನರಿನ ಉರಿಯನ್ನು ಸಂದಿಯಲ್ಲಿ ಹಾಯಿಸಿ, ಕಂಪ್ಲಿಯಿಂದ ಅವಳ ಅಜ್ಜಿ ಕಳಿಸಿದ್ದ ಬಾಳೆದಿಂಡಿನ ಬೂದಿಯನ್ನು ಅದಕ್ಕೆ ಉದುರಿಸಿದಾಗ ತಗಡುಗಳಿಗೆ ತಂತಿ ಕೊಟ್ಟಿದ್ದ ಮೀಟರಿನ ಮುಳ್ಳು ಕೂದಲೆಳೆಯಷ್ಟು ಸರಿಯಿತು.

ಬೂದಿಯೊಳಗಿನ ಪೊಟ್ಯಾಷಿಯಂ ಆ ಬಿಸಿಗೆ ಧನ, ಋಣ ಕಣಗಳಾಗಿ ಒಡೆಯುತ್ತದೆ, ಹರಿಯುವಾಗ ಆಯಸ್ಕಾಂತ ಅವನ್ನು ಒಂದೊಂದು ತಗಡಿನ ಕಡೆಗೆ ದೂಡುತ್ತದೆ ಎಂದು ವಿವರಿಸಿದಳು. ಡ್ರೈವರ್ ಒಪ್ಪಲಿಲ್ಲ.

"ಗಾಳಿಗೆ ಅಳ್ಳಾಡಿರ್ತೈತವ್ವ. ತಿರುಗೋದು ಏನೂ ಇಲ್ದ ಕರೆಂಟ್ ಹೆಂಗ ಬರ್ತೈತಿ?"

ಅವಳು ಆಯಸ್ಕಾಂತಗಳೆರಡನ್ನೂ ಮಗುಚಿ ಇಟ್ಟಳು. ಈ ಸಲ ಮುಳ್ಳು ಇನ್ನೊಂದು ಕಡೆಗೆ ಸರಿಯಿತು. ಅವನು ಸ್ಟವ್ ಬಿಟ್ಟು ಹತ್ತಿರ ಬಂದು ಕುಕ್ಕರುಗಾಲಲ್ಲಿ ಕುಳಿತ. ಇನ್ನೊಮ್ಮೆ ಮಾಡಿಸಿದ, ಮತ್ತೊಮ್ಮೆ ಮಾಡಿಸಿದ. ಅನ್ನ ಸೀದುಹೋಯಿತು.

ಇದನ್ನೇ ದೊಡ್ಡದಾಗಿ ಯಾಕೆ ಕಟ್ಟಿಲ್ಲವೆಂದು ನನ್ನನ್ನು ಕೇಳಿದ. ಕಟ್ಟಿ ನೋಡಿದ್ದಾರೆ, ಅಂಥ ಉರಿಯೊಳಗೆ ತಗಡುಗಳು ಬಹುಕಾಲ ತಾಳುವುದಿಲ್ಲ ಎಂದೆ. ಅವನು ತನ್ನ ಲಾರಿಯ ಕಡೆ ನೋಡಿ ತಲೆಯಾಡಿಸಿದ.

ದಾರಿ ತೆರವಾಗಿ ಹೊಸಪೇಟೆ ತಲುಪಿದಾಗ ಸಂಜೆಯಾಗಿತ್ತು. ಸಭಾಂಗಣದಲ್ಲಿ ಮೇಜುಗಳನ್ನು ಎತ್ತಿಡುತ್ತಿದ್ದರು. ಹೆಸರು ಕೂಗಿದಾಗ ನೀವಿರಲಿಲ್ಲ, ಇನ್ನೇನೂ ಮಾಡಲಾಗದು ಎಂದರು. ನಾನು ವಾದಿಸಿದೆ, ಅವಳು ಡಬ್ಬದ ದಾರ ಬಿಗಿದಳು. ಬಸ್ ಸ್ಟ್ಯಾಂಡಿನಲ್ಲಿ ಸಂಡೂರಿನ ಬಸ್ಸು ಕಂಡಾಗ ಕೇಳಿದಳು.

"ಸರ್, ಮತ್ತ ಅದ ದಾರ್ಯಾಗ ಕುಂದ್ರಬೇಕೇನ್ರಿ?"

ಬೇರೆ ಬಸ್ಸಿರಲಿಲ್ಲ. ಹತ್ತಿ ಕುಳಿತೆವು.