ಅವ್ವನ ಮೂಗಬಟ್ಟ

ಮದಿವಿ ಇರ್ಲಿ, ಕುಬಸ ಇರ್ಲಿ, ಊಟಾ ಮುಗಿಸಿ ಆಟೋದಾಗ ಕುಂತಕೂಡ್ಲೆ ನಮ್ಮವ್ವ ತನ್ನ ಕೆಲಸಾ ಸುರು ಮಾಡ್ತಿದ್ಲು. ಬಲಗೈಲೆ ತನ್ನ ಮೈ ತಾನ ಮುಟ್ಟಿ ನೋಡ್ಕೊಳ್ಳೂದು. "ಕಿವಿ, ಮೂಗು, ಕೊಳ್ಳು, ಕೈ" ಅಂತ ಬಾಯಿಲೆ ಅನ್ಕೋತ ಮುಟ್ಟಾಕಿ. ಅಕೀದು ಮುಗಿದ ಮ್ಯಾಲೆ ನನ್ನ ಪಾಳಿ, ಆಮ್ಯಾಲೆ ತಂಗಿ ಪಾಳಿ. ಸುಮ್ನ ಕುಂತ್ರ ಬೈತಿದ್ಲು. "ಏನ್ ನೋಡ್ಕೋತ ಕುಂತೀರೇ? ಮುಟ್ಟಿ ನೋಡ್ಕೊಳ್ರಿ!" ಆಟೋದಾಂವ ಕನ್ನಡ್ಯಾಗ ನೋಡಿ ನಗಾಂವ. ನಮಗ ನಾಚಿಕಿ, ಅಕಿಗೇನಿಲ್ಲ. ಒಂದ್ಸಲ ಗಬ್ಬೂರದಾಗಿನ ಮದಿವಿ ಮುಗಿಸಿ ಬರೂವಾಗ ತಂಗೀದೊಂದು ಝುಮಕಿ ಇರಲಿಲ್ಲ. ಅವ್ವ ಆಟೋ ಹೊಳ್ಳಿಸಿ, ಊಟದ ಪಂಕ್ತಿ ಎಲ್ಲಾ ಎಬ್ಬಿಸಿ ಹುಡುಕಿಸಿದ್ಲು. ಕಡೀಕೆ ಅದು ತಂಗೀ ಜಂಪರಿನ್ಯಾಗ ಸಿಕ್ತು.

ಹಿಂತಾ ಅವ್ವನ ಮೈಮ್ಯಾಲಿಂದು ಒಂದು ಸಾಮಾನ ಕಳೀತು ಅಂದ್ರ ಯಾರರ ನಂಬ್ತಾರೇನು? ತಂಗಿ ನಂಬಲಿಲ್ಲ.

ಅದು ಮೂಗಬಟ್ಟ. ಅವ್ವನ ತವರುಮನಿ ಮುಗದ ಅನ್ನೂ ಊರಾಗ, ಅಲ್ಲಿಯವರು ಅಕಿ ಸಣ್ಣಾಕಿ ಇದ್ದಾಗ ಹಾಕಿದ್ದು. ನಡುವ ಒಂದು ಕೆಂಪು ಹರಳು, ಅಷ್ಟ. ಅಪ್ಪ ಹೋದಾಗ ತಾಳಿ ತಗದ್ಲು, ಕಾಲುಂಗ್ರ ತಗದ್ಲು. ಯಾರೋ ಹಿರೇರು ಮೂಗಿನ ಕಡೆ ಕೈ ತಂದಾಗ ಮಾತ್ರ ಮುಖಾ ಹಿಂದ ತಗೊಂಡ್ಲು. "ಇದು ನಮ್ಮಪ್ಪ ಹಾಕಿದ್ದ್ರಿ. ಇದ್ಯಾಕ ತಗೀಲಿ?" ಅಂದ್ಲು. ಅದು ಮೂಗಿನ್ಯಾಗ ಹಂಗ ಉಳೀತು.

ಹೋದ ಚಳಿಗಾಲದಾಗ ಅವ್ವಗ ದಮ್ಮು ಸುರು ಆತು, ಜೋಡಿ ತಲಿ ತಿರಗಾಕತ್ತಿತ್ತು. ಬೆಂಗೇರಿ ಮನ್ಯಾಗ ನಾವಿಬ್ರ ಇರೋದು. ತಂಗೀನ ಧಾರವಾಡಕ್ಕ ಕೊಟ್ಟೈತಿ. ಅವತ್ತ ನಾನೊಬ್ಬಾಕಿನ ಅವ್ವನ್ನ ಸ್ಕ್ಯಾನಿಗಿ ಕರ್ಕೊಂಡು ಹೋದೆ. ಅಲ್ಲಿ ಎಲ್ಲಾರ ಮಾರಿಗೂ ಮಾಸ್ಕ್. "ಅಜ್ಜಿ, ಬಂಗಾರ, ಬೆಳ್ಳಿ, ಪಿನ್ನು, ಏನೇನೈತಿ ಎಲ್ಲಾ ತಗದ ಬರ್ರಿ" ಅಂತ ಸ್ಕ್ಯಾನ್ ಮಾಡಾಂವ ಹೇಳಿದ.

ಅವ್ವ ಕಿವ್ಯಾಗಿನ ಬೆಂಡವಾಲಿ ಬಿಚ್ಚಿ ನನ್ನ ಕೈಯಾಗಿಟ್ಲು, ಕೊಳ್ಳಾಗಿನ ಬೋರಮಾಳ ಇಟ್ಲು, ಕೈಯಾಗಿನ ಪಾಟ್ಲಿ ಇಟ್ಲು. ಕಡೀಕೆ ಕೊಳ್ಳಾಗಿನ ಗುಂಡಗಡಗಿ ಉಳೀತು. ಇಷ್ಟಲಿಂಗ ಇಟ್ಕೊಳ್ಳೂ ಬೆಳ್ಳೀದು, ಲಿಂಬಿಹಣ್ಣಿನಷ್ಟು ಗುಂಡಗ. ಅವ್ವ ಗ್ವಾಡಿ ಕಡೆ ಮಾರಿ ಮಾಡಿ ನಿಂತು, ಲಿಂಗ ಹೊರಗ ತಗದು, ಬಿಳೇ ಅರಿವ್ಯಾಗ ಸುತ್ತಿ ರಟ್ಟಿಗಿ ಕಟ್ಕೊಂಡ್ಲು. ಗುಂಡಗಡಗಿ ಮುಚ್ಚಿ ನನಗ ಕೊಟ್ಲು. ಒಬ್ಬರ ಲಿಂಗ ಇನ್ನೊಬ್ಬರು ಮುಟ್ಟಂಗಿಲ್ಲ, ಅದಕ್ಕ ನಾನೂ ಆಕಡೆ ನೋಡ್ಕೋತ ನಿಂತಿದ್ದೆ.

ಸ್ಕ್ಯಾನ್ ಮುಗಿಯೂದರಾಗ ಉಸಿರು ಭಾಳ ಕಡಿಮಿ ಆತು. ಅಲ್ಲಿಂದ ಸೀದಾ ಐಸಿಯು. ಮಾರಿ ತುಂಬ ಆಕ್ಸಿಜನ್ ಮಾಸ್ಕ್, ಮಾತಿಲ್ಲ. ಮರುದಿನ ಅವ್ವ ಹೋದ್ಲು.

ಮನ್ಯಾಗ ಮೈ ತೊಳಿಯೂವಾಗ ತಂಗಿ ಒಮ್ಮಿಂದೊಮ್ಮೆಲೆ ಕೈ ನಿಂದರಿಸಿದ್ಲು. "ಅಕ್ಕಾ, ಅವ್ವನ ಮೂಗಬಟ್ಟ ಎಲ್ಲಿ?"

ನೋಡಿದೆ. ಮೂಗು ಬರಿದಿತ್ತು. "ಗೊತ್ತಿಲ್ಲ" ಅಂದೆ. ನನಗ ಅಳು ಬಂದಿರಲಿಲ್ಲ, ಮೈಯೆಲ್ಲಾ ಜೋಮು ಹಿಡದಂಗಾಗಿತ್ತು. ಬಂದವರಿಗೆ ಚಾ ಮಾಡ್ರಿ ಅಂತ ಹೇಳಾಕತ್ತಿದ್ದೆ, ಚಪ್ಪಲಿ ಒಂದು ಕಡೆ ಸರಿಸಾಕತ್ತಿದ್ದೆ. ಲಿಂಗ ಅವ್ವನ ಕೈಯಾಗ ಇಟ್ಟು, ಕೂಡ್ರಿಸಿ ಮಣ್ಣ ಮಾಡಿ ಬಂದ್ರು. ಬರೇ ಗುಂಡಗಡಗಿ ನನ್ನ ಪರ್ಸಿನ್ಯಾಗ ಉಳದಿತ್ತು, ಅದನ್ನ ದೇವರ ಜಗಲಿ ಮ್ಯಾಲಿನ ಮೊಳಿಗಿ ತೂಗಹಾಕಿದೆ.

ದವಾಖಾನಿಗಿ ಹೋಗಿ ಕೇಳಿದೆ. ಪರ್ಸಿನ ಅಸ್ತರ ಹರದು ನೋಡಿದೆ, ಹಾಸಿಗಿ ಕೊಡವಿದೆ. ಇಲ್ಲ. ತಂಗಿ ಮಾತ್ರ ಒಂದ ಮಾತು ಹಿಡದಿದ್ಲು. "ಅವ್ವನ ಜೋಡಿ ಇದ್ದಾಕಿ ನೀನ. ನಿನಗ ಗೊತ್ತಿಲ್ದ ಅದೆಲ್ಲಿ ಹೊಕ್ಕೈತಿ ಅಕ್ಕಾ?"

ನನಗ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಬೆಂಡವಾಲಿ, ಬೋರಮಾಳ, ಪಾಟ್ಲಿ ಎಲ್ಲಾ ಡಬ್ಬಿ ಸಮೇತ ಅಕಿ ಮುಂದಿಟ್ಟು "ಎಲ್ಲಾ ನೀನ ಒಯ್ಯಿ" ಅಂದೆ. "ನನಗ ಅವೇನೂ ಬ್ಯಾಡ" ಅಂತ ಡಬ್ಬಿ ಸರಿಸಿ ಎದ್ದು ಹೋದ್ಲು. ಯುಗಾದಿಗಿ ಬರಲಿಲ್ಲ. ಫೋನ್ ಮಾಡಿದ್ರ ಅಕಿ ಗಂಡ ಎತ್ತಿ "ಅಡಗಿ ಮನ್ಯಾಗ ಅದಾಳ್ರಿ" ಅಂತಿದ್ರು. ಅವ್ವ ಹೋದ ಮ್ಯಾಲೆ ನನಗಂತ ಇದ್ದಾಕಿ ಇಕಿ ಒಬ್ಬಾಕಿನ. ಇಕೀನೂ ಹೋದ್ಲು ಅಂತ ಗೊತ್ತಾಗ್ತಿತ್ತು. ಗೊತ್ತಾದ್ರೂ ಒಳಗ ಏನೂ ಅಲಗಾಡ್ತಿರಲಿಲ್ಲ. ಉಣ್ಣೂದು, ಭಾಂಡೆ ತೊಳಿಯೂದು, ಮಕ್ಕೊಳ್ಳೂದು.

ಶ್ರಾವಣ ಬಂತು. ಜಗಲಿ ಸಾಮಾನ ತಿಕ್ಕೂವಾಗ ಗುಂಡಗಡಗಿ ಕರ್ರಗಾಗಿದ್ದು ಕಾಣಿಸ್ತು. ಇಷ್ಟು ದಿನಾ ಅದನ್ನ ಯಾರೂ ತಗದಿರಲಿಲ್ಲ. ಲಿಂಗ ಅವ್ವನ ಜೋಡಿ ಹೋಗೈತಿ, ಇನ್ನ ಒಳಗೇನಿರ್ತೈತಿ ಅಂತ ಎಲ್ಲಾರೂ ತಿಳಕೊಂಡಿದ್ವಿ. ಅದೂ ಅಲ್ದ ಇನ್ನೊಬ್ಬರ ಗುಂಡಗಡಗಿ ನಮ್ಮ ಮಂದಿ ಬಿಚ್ಚಿ ನೋಡೂದಿಲ್ಲ. ನನಗೂ ಕೈ ಹಿಂಜರೀತು. ಒಳಗೂ ತಿಕ್ಕಬೇಕಲ್ಲ ಅಂತ ಮುಚ್ಚಳ ತಿರುವಿದೆ.

ಒಳಗ ಹತ್ತಿ ತುರುಕಿತ್ತು. ವಿಭೂತಿ ವಾಸನಿ ಬಂತು. ಹತ್ತಿ ಬಿಡಿಸಿದ್ರ ನಡುವ ಕೆಂಪು ಹರಳು.

ಅಲ್ಲೇ ನೆಲದ ಮ್ಯಾಲೆ ಕುಂತೆ. ಗ್ವಾಡಿ ಕಡೆ ತಿರಗಿ ನಿಂತಾಗ ಲಿಂಗ ತಗದ ಜಾಗಾದಾಗ ಇದನ್ನ ಇಟ್ಟಾಳ. ಮಾಸ್ಕ್ ಇತ್ತಲ್ಲ, ಮೂಗು ಬರಿದಾಗಿದ್ದು ನನಗ ಕಂಡಿಲ್ಲ. ಬಾಕೀದೆಲ್ಲಾ ನನ್ನ ಕೈಯಾಗ ಕೊಟ್ಲು, ಇದೊಂದನ್ನ ಕೊಡಲಿಲ್ಲ.

ತಂಗಿಗಿ ಫೋನ್ ಹಚ್ಚಿದೆ. ಅವತ್ತ ಅಕೀನ ಎತ್ತಿದ್ಲು. "ಮೂಗಬಟ್ಟ ಸಿಕ್ತವ್ವಾ" ಅಂದೆ, ಎಲ್ಲಿ ಅಂತಾನೂ ಹೇಳಿದೆ.

ತಂಗಿ ಅಂದ್ಲು, "ನನಗ ಆ ಮೂಗಬಟ್ಟ ಬೇಕಾಗಿರಲಿಲ್ಲ ಅಕ್ಕಾ. ಎಲ್ಲಿಟ್ಟೇನಿ ಅಂತ ಅವ್ವ ನಿನಗ ಹೇಳ್ಯಾಳ, ನನಗ ಹೇಳಿಲ್ಲ ಅಂತ ಹೊಟ್ಟಿ ಉರದಿತ್ತು."

"ನನಗೂ ಹೇಳಿಲ್ಲ" ಅಂದೆ.

"ಖರೇನ?"

"ಖರೇನವ್ವಾ. ಯಾರಿಗೂ ಹೇಳಿಲ್ಲ."

ಅಕಿ ಅಳಾಕ ಸುರು ಮಾಡಿದ್ಲು. ನಾ ಫೋನ್ ಹಿಡಕೊಂಡು ಕೇಳ್ಕೋತ ಕುಂತೆ. ನನ್ನ ಗದ್ದಾನೂ ಹಸೀ ಆಗಿತ್ತು, ಅದು ನನಗ ತಡಾ ಆಗಿ ಗೊತ್ತಾತು.

"ಈಗ ಬರ್ತೇನಿ" ಅಂದ್ಲು.

"ಬಾ. ಆಟೋದಾಗ ಕುಂತಕೂಡ್ಲೆ ಮುಟ್ಟಿ ನೋಡ್ಕೋ" ಅಂದೆ.