ಟ್ಯಾಕ್ಸಿಯಣ್ಣ ಕಣ್ಣಿಡದೆ ಬಿಟ್ಟ ಕಾರು

ನಮ್ಮ ಮೊಮ್ಮಗಳಿಗೆ ಕಣ್ಣು ಕಾಣಿಸಿತು. ಇವತ್ತು ಬೆಳಿಗ್ಗೆ ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳ ಪುಟ್ಟ ಮೂಗಿನ ಮೇಲೆ ದಪ್ಪ ಕನ್ನಡಕ ಕೂರಿಸಿ, ಎಲಾಸ್ಟಿಕ್ಕನ್ನು ತಲೆಯ ಹಿಂದಕ್ಕೆ ಸಿಕ್ಕಿಸಿ, ಸಣ್ಣ ಟಾರ್ಚೊಂದನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿದರು. ಮಗುವಿನ ಕಣ್ಣೂ ಅದರ ಹಿಂದೆಯೇ ಸರಿಯಿತು. ಆಮೇಲೆ ನನ್ನ ಕಡೆ ತಿರುಗಿ, ತುಂಬ ಹೊತ್ತು ನೋಡಿ, ಕೈ ಚಾಚಿ ನನ್ನ ಮೂಗುಬೊಟ್ಟು ಹಿಡಿದು ಎಳೆಯಿತು. ಹುಟ್ಟಿ ವರ್ಷ ಕಳೆದ ಮೇಲೆ ಅಜ್ಜಿಯ ಮುಖ ಹೇಗಿದೆ ಎಂದು ಅದಕ್ಕೆ ಗೊತ್ತಾಯಿತು. ಹಳೇಬೀಡಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕಂಡವರಿಗೆಲ್ಲ ಹೇಳಿದೆ. ಕಂಡಕ್ಟರು, "ಅಜ್ಜಿ, ಟಿಕೆಟ್ ತಗೊಂಬುಟ್ಟು ಹೇಳ್ರವ್ವ, ಕೇಳ್ತೀನಿ" ಅಂದ.

ಇಷ್ಟು ಸಂತೋಷದಲ್ಲಿ ನನ್ನ ಕಣ್ಣ ಮುಂದೆ ಬಂದು ನಿಂತದ್ದು ಒಂದು ಹೆಬ್ಬೆರಳು. ಗೆರೆಯೇ ಇಲ್ಲದ ಹೆಬ್ಬೆರಳು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಟ್ಯಾಕ್ಸಿಯಣ್ಣನದು. ಅಂಟು ಮೆತ್ತಿ, ಒಣಗಿ, ಸಿಪ್ಪೆಯಂತೆ ಕಿತ್ತು, ಮತ್ತೆ ಮೆತ್ತಿ ಅದು ಹಣತೆಯ ತಳದ ಹಾಗೆ ನುಣ್ಣಗಾಗಿತ್ತು. ಬೆಂಕಿಪೊಟ್ಟಣ ಕೊಡುವಾಗ ಆ ಬೆರಳು ತಗುಲಿದರೆ ಮನುಷ್ಯರ ಬೆರಳು ತಗುಲಿದಂತೆ ಅನ್ನಿಸುತ್ತಿರಲಿಲ್ಲ.

ಅವರು ಮೊದಲು ಬಿಕ್ಕೋಡು ಕಡೆಯ ಎಸ್ಟೇಟೊಂದರಲ್ಲಿ ಸಾಹುಕಾರರ ಡ್ರೈವರಾಗಿದ್ದರು. ಆ ಸಾಹುಕಾರರಿಗೆ ಹಳೆಯ ರೇಸ್ ಕಾರುಗಳ ಹುಚ್ಚು. ಹೊರದೇಶದಿಂದ ಡಬ್ಬಿ ತರಿಸುತ್ತಿದ್ದರಂತೆ. ಒಂದೊಂದು ಡಬ್ಬಿಯೊಳಗೂ ಅಂಗೈಯಗಲದ ಒಂದೊಂದು ಆಟಿಕೆ ಕಾರು, ಚೂರುಚೂರಾಗಿ. ಚಕ್ರ, ಬಾಗಿಲು, ಸೀಟು, ಎಲ್ಲ ಕರಿಬೇವಿನ ಕಡ್ಡಿಗೆ ಎಲೆ ಇರುವಂತೆ ಪ್ಲಾಸ್ಟಿಕ್ ಕಡ್ಡಿಗೆ ಅಂಟಿಕೊಂಡಿರುತ್ತಿದ್ದವು. ಸಾಹುಕಾರರ ಕೈ ನಡುಗಲು ಶುರುವಾದ ಮೇಲೆ ಜೋಡಿಸುವ ಕೆಲಸ ಇವರ ಪಾಲಿಗೆ ಬಂತು. ಸಾಹುಕಾರರು ತೀರಿಕೊಂಡ ಮೇಲೆ ಜೋಡಿಸದೆ ಉಳಿದ ಡಬ್ಬಿಗಳೂ ಇವರ ಪಾಲಿಗೇ ಬಂದವು. ಅವನ್ನು ಹೊತ್ತುಕೊಂಡು ಒಂದು ಹಳೆಯ ಅಂಬಾಸಿಡರ್‌ನಲ್ಲಿ ನಮ್ಮೂರಿಗೆ ಬಂದರು. ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿದ ಪ್ರವಾಸಿಗರನ್ನು ಕೂರಿಸಿಕೊಂಡು ಬೇಲೂರು, ಹಳೇಬೀಡು ತೋರಿಸುವುದು ಅವರ ಕೆಲಸ. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು ಅಕ್ಕಯ್ಯ ಅನ್ನುತ್ತಿದ್ದರು. ಹಾಗಾದರೆ ನಿಮ್ಮಿಬ್ಬರಲ್ಲಿ ಚಿಕ್ಕವರು ಯಾರು ಎಂದು ನಮ್ಮ ಯಜಮಾನರು ನಗುತ್ತಿದ್ದರು.

ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಅವರು ಕಿಟಕಿಯ ಬೆಳಕಿಗೆ ಕೂತು ಕಾರು ಕಟ್ಟುತ್ತಿದ್ದರು. ನಾನು ಜಗಲಿಯಲ್ಲಿ ರಾಗಿ ಹಸನು ಮಾಡುತ್ತ ನೋಡುತ್ತಿದ್ದೆ. ಒಂದು ಮುಚ್ಚಳದಷ್ಟು ನೀರು ಕೇಳಿ ತೆಗೆದುಕೊಂಡು, ಅದರಲ್ಲಿ ಕಾಗದ ನೆನೆಸುತ್ತಿದ್ದರು. ಕಾಗದದ ಮೇಲಿನ ನಂಬರು ಹಾವಿನ ಪೊರೆಯಂತೆ ಜಾರಿ ಬರುತ್ತಿತ್ತು. ಅದನ್ನು ಕಾರಿನ ಬಾಗಿಲ ಮೇಲೆ ಕೂರಿಸಿ ಉಸಿರು ಬಿಡದೆ ಒತ್ತುತ್ತಿದ್ದರು. ಹೊರದೇಶದಲ್ಲಿ ಅಂಥ ನಿಜವಾದ ಕಾರುಗಳ ರೇಸು ಒಂದು ಸಂಜೆ ಶುರುವಾದರೆ ಮರುದಿನ ಸಂಜೆಯವರೆಗೂ ನಡೆಯುತ್ತಿತ್ತಂತೆ. ಡ್ರೈವರು ಬದಲಾಗುತ್ತಾರೆ, ಕಾರು ಬದಲಾಗುವಂತಿಲ್ಲ. ಗೆದ್ದವರಿಗೆ ಏನು ಕೊಡುತ್ತಾರೆ ಎಂದು ಕೇಳಿದೆ.

"ಗೆಲ್ಲೋದು ಬುಡಿ ಅಕ್ಕಯ್ಯ. ಆ ಕತ್ಲೇಲಿ ಓಡಿಸಿ ಬೆಳಗಾಗದು ಕಾಣ್ಬೇಕು. ಬೆಳಗು ಕಂಡ್ರೆ ಸಾಕು" ಅಂದರು.

ಕಾರಿನ ಮುಂದಿನ ದೀಪಗಳನ್ನು ಅವರು ಎಲ್ಲಕ್ಕಿಂತ ಕೊನೆಗೆ ಇಡುತ್ತಿದ್ದರು. ದೀಪ ಎನ್ನುತ್ತಿರಲಿಲ್ಲ, ಕಣ್ಣು ಎನ್ನುತ್ತಿದ್ದರು. ದೇವರ ವಿಗ್ರಹಕ್ಕೆ ಕೊನೆಗೆ ಕಣ್ಣು ಬಿಡಿಸುವ ಹಾಗೆ. ಒಮ್ಮೆ ಅವಸರಕ್ಕೆ, ಮುಟ್ಟಿದೊಡನೆ ಹಿಡಿಯುವ ಅಂಟಿನಲ್ಲಿ ಕಣ್ಣು ಕೂರಿಸಿದರು. ಗಾಜಿನಂಥ ಆ ಚೂರುಗಳು ನೋಡುನೋಡುತ್ತ ಮಬ್ಬಾದವು. "ಪೊರೆ ಬಂತು ಅಕ್ಕಯ್ಯ, ಇದು ಕುರುಡಾಯ್ತು" ಎಂದು ಆ ಕಾರನ್ನು ಎತ್ತಿ ಮೂಲೆಯಲ್ಲಿಟ್ಟರು. ಆಮೇಲಿಂದ ಕಣ್ಣಿಗೆ ಬಡಗಿಗಳು ಹಾಕುವ ಬಿಳಿ ಗೋಂದು ಮಾತ್ರ. ಅದು ಹಾಕಿದಾಗ ಹಾಲಿನಂತೆ ಇರುತ್ತದೆ, ಒಣಗುತ್ತ ಒಣಗುತ್ತ ತಿಳಿಯಾಗುತ್ತದೆ.

ಕಣ್ಣಿಟ್ಟ ಕಾರುಗಳನ್ನೆಲ್ಲ ಹಲಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಇಡುತ್ತಿದ್ದರು. ಯಾಕಣ್ಣ ಅಂದರೆ, ಬಾಗಿಲು ಕಂಡರೆ ಹೊರಡುತ್ತವೆ ಅನ್ನುತ್ತಿದ್ದರು. ತಮಾಷೆ ಅಂದುಕೊಂಡಿದ್ದೆ.

ಒಂದು ಆಯುಧಪೂಜೆಯ ದಿನ ಅವರ ಅಂಬಾಸಿಡರ್‌ಗೆ ಪೂಜೆಯಾಯಿತು, ನಮ್ಮ ಸೈಕಲ್ಲಿಗೂ ಆಯಿತು. ಈ ಪುಟ್ಟ ಕಾರುಗಳು ಏನು ಪಾಪ ಮಾಡಿದ್ದವು ಎಂದು ನಾನು ಅವಕ್ಕೂ ಕುಂಕುಮ ಇಟ್ಟೆ. ಅವರಿಗೆ ತುಂಬ ಇಷ್ಟವಾಗಿದ್ದ ನೀಲಿ ಕಾರಿನ ಚಕ್ರದ ಮುಂದೆ, ಗಿಡದಿಂದ ಉದುರಿದ್ದ ಗೋಲಿ ಗಾತ್ರದ ನಿಂಬೆಕಾಯಿಯನ್ನೂ ಇಟ್ಟೆ. ನಿಂಬೆಹಣ್ಣು ಇಟ್ಟ ಮೇಲೆ ಗಾಡಿ ಓಡಿಸಲೇಬೇಕಲ್ಲ ಎಂದು ಅವರು ನಕ್ಕರು. ಮಾರನೆಯ ಬೆಳಿಗ್ಗೆ ನಿಂಬೆಕಾಯಿ ಹಪ್ಪಳದಂತೆ ಚಪ್ಪಟೆಯಾಗಿತ್ತು. ಹಲಗೆಯುದ್ದಕ್ಕೂ ರಸದ ಎರಡು ಸಣ್ಣ ಗೆರೆ.

ನಮ್ಮ ಯಜಮಾನರು, "ಇಲಿ ಕಣೇ" ಅಂದರು.

"ಇಲಿ ನಿಂಬೆಕಾಯಿ ತುಳಿತದಾ?" ಅಂದೆ.

ಟ್ಯಾಕ್ಸಿಯಣ್ಣ ಈ ಸಲ ನಗಲಿಲ್ಲ. ರಸ ಒರೆಸಿ, ಕಾರನ್ನು ಗೋಡೆಯ ಕಡೆ ತಿರುಗಿಸಿ, ಮೆಲ್ಲಗೆ ಹೇಳಿದರು: "ಇನ್ಮೇಕೆ ಇವಕ್ಕೆ ನಿಂಬೆಹಣ್ಣು ಇಡಬ್ಯಾಡಿ ಅಕ್ಕಯ್ಯ. ಓಡೋಕೆ ಇಲ್ಲಿ ಜಾಗ ಎಲ್ಲೈತೆ?"

ಆಮೇಲಾಮೇಲೆ ನನಗೂ ಕೆಲವು ಸಂಗತಿ ತಿಳಿಯತೊಡಗಿದವು. ಅವರು ಅರಸೀಕೆರೆಗೆ ಹೋಗಿ ಕೋಣೆಗೆ ಬೀಗ ಬಿದ್ದಿರುವಾಗ, ನಡುಮಧ್ಯಾಹ್ನ ಕೆರೆಯ ಕಡೆಯ ಗಾಳಿಯೂ ನಿಂತು ಊರೆಲ್ಲ ಮಲಗಿರುವಾಗ, ಒಳಗಿನಿಂದ ಬಿಸಿ ರಬ್ಬರಿನ ವಾಸನೆ ಬರುತ್ತಿತ್ತು. ಒಂದು ಸಲ ಕಿಟಕಿಯ ಸರಳಿನೊಳಗೆ ಕೈ ತೂರಿಸಿ ಹತ್ತಿರದ ಕಾರನ್ನು ಮುಟ್ಟಿದೆ. ಆಗಷ್ಟೇ ಮೊಟ್ಟೆಯಿಟ್ಟ ಕೋಳಿಯ ಹೊಟ್ಟೆಯಂತೆ ಬೆಚ್ಚಗಿತ್ತು. ಹೆದರಿಕೆ ಆಯಿತು. ಆದರೆ ಕೆಟ್ಟದ್ದು ಅನ್ನಿಸಲಿಲ್ಲ.

ಕೊನೆಗೆ ಕಟ್ಟಿದ್ದು ಒಂದು ಬಿಳಿ ಕಾರು. ಎಲ್ಲ ಮುಗಿಸಿ, ಕಣ್ಣು ಮಾತ್ರ ಇಡಲಿಲ್ಲ. ಆ ಎರಡು ಚೂರುಗಳನ್ನು ಹತ್ತಿಯಲ್ಲಿ ಸುತ್ತಿ, ಬೆಂಕಿಪೊಟ್ಟಣಕ್ಕೆ ಹಾಕಿ, ಕಾರಿನ ಜೊತೆ ನನ್ನ ಕೈಗೆ ಕೊಟ್ಟರು.

"ಇದ್ರ ಕಣ್ಣು ನಾನು ಇಡಂಗಿಲ್ಲ. ನಿಮ್ಮನೇಲಿ ಕಣ್ಣು ಬುಡೋರು ಬತ್ತಾರೆ. ಆವತ್ತು ನೀವೇ ಇಡಿ. ಅವಸರ ಮಾಡಬ್ಯಾಡಿ."

ಆಗ ನಮ್ಮ ಮಗನಿಗೆ ಹೆಣ್ಣು ಕೂಡ ನೋಡಿರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೇ ಅವರು ಹೋದರು. ಅರಸೀಕೆರೆ ಸ್ಟೇಷನ್ನಿನ ಮುಂದೆ, ಗಾಡಿಯೊಳಗೆ, ಸ್ಟೀರಿಂಗ್ ಹಿಡಿದು ಕೂತ ಹಾಗೆಯೇ. ಎದೆ ನಿಂತಿತ್ತು ಎಂದರು. ಸುಡುಬಿಸಿಲಿನಲ್ಲಿ ಗಾಡಿಯ ಹೆಡ್‌ಲೈಟು ಉರಿಯುತ್ತಿತ್ತಂತೆ. ಸುದ್ದಿ ಬಂದ ಮೇಲೆ ಯಜಮಾನರು ಕೋಣೆಯ ಬೀಗ ತೆಗೆದರು. ಕಾರುಗಳೆಲ್ಲ ಬಾಗಿಲ ಕಡೆ ಮುಖ ಮಾಡಿದ್ದವು. ನೀಲಿ ಕಾರು ಮಾತ್ರ ಇರಲಿಲ್ಲ. ಹಲಗೆಯ ಧೂಳಿನಲ್ಲಿ ಅದರ ಚಕ್ರದ ಗುರುತು ಅಂಚಿನವರೆಗೂ ಹೋಗಿ ನಿಂತಿತ್ತು. ಕೆಳಗೆ, ಮಂಚದಡಿ, ಎಲ್ಲ ಹುಡುಕಿದೆವು. ಸಿಗಲಿಲ್ಲ. ಆ ದಿನ ಯಜಮಾನರು ಇಲಿಯ ಮಾತು ಎತ್ತಲಿಲ್ಲ. ಉಳಿದ ಕಾರುಗಳನ್ನು ಟ್ಯಾಕ್ಸಿಯಣ್ಣನ ತಮ್ಮ ಬಂದು ತೆಗೆದುಕೊಂಡು ಹೋದ. ಬಿಳಿಯದು ದೇವರ ಗೂಡಿನ ಪಕ್ಕ, ನನ್ನ ಹತ್ತಿರವೇ ಉಳಿಯಿತು.

ಮಗನ ಮದುವೆಯಾಯಿತು, ಈ ಕೂಸು ಹುಟ್ಟಿತು. ಎಣ್ಣೆ ನೀರು ಹಾಕುವಾಗ ನೋಡುತ್ತೇನೆ, ಕಣ್ಣಿನ ಕಪ್ಪಿನಲ್ಲಿ ಹಾಲಿನಂಥ ಬಿಳುಪು. ಹುಟ್ಟಿದ ಕೂಸಿಗೆ ಎಲ್ಲಾದರೂ ಪೊರೆ ಬರುತ್ತದೆಯೇ ಎಂದು ನಾವೆಲ್ಲ ಸುಮ್ಮನಿದ್ದುಬಿಟ್ಟೆವು. ಗೊಂಬೆ ಆಡಿಸಿದರೂ ಅದು ತಿರುಗದೆ ಇದ್ದಾಗ ಸೊಸೆ ಆಸ್ಪತ್ರೆಗೆ ಎತ್ತಿಕೊಂಡು ಓಡಿದಳು. ಹಾಸನದಲ್ಲಿ ಡಾಕ್ಟರಮ್ಮ ಪೊರೆ ಎಂದೇ ಹೇಳಿದರು. ತಡವಾಗಿದೆ, ಆಪರೇಷನ್ ಮಾಡುತ್ತೇವೆ, ಎಷ್ಟು ಕಾಣುತ್ತದೋ ಈಗಲೇ ಹೇಳಲಾಗುವುದಿಲ್ಲ ಎಂದರು.

ಆ ದಿನ ಮನೆಗೆ ಬಂದವಳೇ ಬಿಳಿ ಕಾರನ್ನು ನೋಡಿದೆ. ಕಣ್ಣಿನ ಜಾಗದಲ್ಲಿ ಎರಡು ಗುಳಿ. ಇದು ಕುರುಡಾಗಿರುವುದಕ್ಕೇ ಕೂಸೂ ಹೀಗಾಯಿತೇನೋ, ಈಗಲೇ ಕಣ್ಣು ಅಂಟಿಸಿಬಿಡು ಎಂದು ಯಜಮಾನರು ಹಟ ಹಿಡಿದರು. ಮಗ ತನ್ನ ಪಂಕ್ಚರ್ ಅಂಗಡಿಯಿಂದ ಮುಟ್ಟಿದೊಡನೆ ಹಿಡಿಯುವ ಅದೇ ಅಂಟು ತಂದೇಬಿಟ್ಟ. ಬೆಂಕಿಪೊಟ್ಟಣ ತೆರೆದೆ. ಹತ್ತಿ ಬಿಡಿಸಿದೆ. ಆಗ ಆ ನುಣುಪು ಹೆಬ್ಬೆರಳು ನನ್ನ ಕೈಯ ಮೇಲೆ ಕೂತಂತಾಯಿತು. ಭಾರವೂ ಇಲ್ಲ, ಬಿಸಿಯೂ ಇಲ್ಲ. ಈ ಅಂಟು ಹಾಕಿದರೆ ಪೊರೆ ಬರುತ್ತದೆ ಎಂದು ಪೊಟ್ಟಣ ಮುಚ್ಚಿಟ್ಟೆ. ಎರಡೂ ಕಣ್ಣಿನ ಆಪರೇಷನ್ ಮುಗಿಯುವವರೆಗೆ, ಕನ್ನಡಕ ಬರುವವರೆಗೆ, ಮನೆಯವರ ಬೈಗುಳ ಕೇಳಿಕೊಂಡು ಕಾದೆ.

ಇವತ್ತು ಸಂಜೆ ಬಡಗಿಯ ಮನೆಯಿಂದ ಬಿಳಿ ಗೋಂದು ತಂದು, ಕಡ್ಡಿಯ ತುದಿಯಲ್ಲಿ ಹಚ್ಚಿ, ಎರಡು ಕಣ್ಣನ್ನೂ ಕೂರಿಸಿದೆ. ಹಾಲು ತುಂಬಿದಂತೆ ಬೆಳ್ಳಗಿತ್ತು. ಕಾರನ್ನು ದೇವರ ಗೂಡಿನ ಪಕ್ಕ ಗೋಡೆಯ ಕಡೆ ತಿರುಗಿಸಿಟ್ಟು ಒಲೆಯ ಹತ್ತಿರ ಹೋದೆ. ಮುದ್ದೆ, ಅವರೆಕಾಳಿನ ಸಾರು, ಕೂಸಿನ ಹೆಸರಲ್ಲಿ ಶಾವಿಗೆ ಪಾಯಸ. ಯಜಮಾನರು, ಮಗ, ಸೊಸೆ, ನಾನು, ಎಲ್ಲ ಒಟ್ಟಿಗೆ ಕೂತೆವು. ಒಂದು ಎಲೆ ಹೆಚ್ಚಿಗೆ ಹಾಕಿ ಬಡಿಸಿದೆ. ಯಜಮಾನರು ಅದರ ಪಕ್ಕ ನೀರಿನ ಲೋಟ ಇಟ್ಟರು. ಕೂಸು ಸೊಸೆಯ ತೊಡೆಯ ಮೇಲೆ ಕೂತು ಒಬ್ಬೊಬ್ಬರ ಮುಖವನ್ನೂ ದಪ್ಪ ಕನ್ನಡಕದಿಂದ ನೋಡುತ್ತಿತ್ತು.

ಪಾಯಸಕ್ಕೆಂದು ಎದ್ದವಳು ಗೂಡಿನ ಕಡೆ ನೋಡಿದೆ. ಕಾರು ಬಾಗಿಲ ಕಡೆ ತಿರುಗಿತ್ತು. ಕಣ್ಣೆರಡೂ ತಿಳಿಯಾಗಿದ್ದವು.

ಆಗ ಕೂಸು ಕಿಲಕಿಲ ನಕ್ಕಿತು. ಅದರ ಕಣ್ಣು ನೆಲದ ಮೇಲೆ, ಹೆಚ್ಚಿಗೆ ಹಾಕಿದ ಎಲೆಯಿಂದ ಹೊಸಿಲಿನವರೆಗೆ, ಬೆಳಿಗ್ಗೆ ಟಾರ್ಚಿನ ಹಿಂದೆ ಸರಿದ ಹಾಗೆಯೇ ನಿಧಾನವಾಗಿ ಸರಿಯಿತು. ಅಲ್ಲಿ ನಮಗ್ಯಾರಿಗೂ ಏನೂ ಕಾಣಲಿಲ್ಲ. ಬಿಸಿ ರಬ್ಬರಿನ ವಾಸನೆಯೊಂದು ಮಾತ್ರ ಸುಳಿದುಹೋಯಿತು.

"ಇಲಿ" ಅಂದರು ಯಜಮಾನರು, ಕಣ್ಣೊರೆಸಿಕೊಳ್ಳುತ್ತ.

"ಹೂಂ, ಇಲೀನೇ. ಉಣ್ರಿ" ಎಂದು ಎಲ್ಲರ ಎಲೆಗೂ ಪಾಯಸ ಬಡಿಸಿದೆ, ಆ ಎಲೆಗೂ.