ಮೂರನೇ ಕೂಗು

ಕೋರ್ಟಿನ ಬಾಗಿಲಲ್ಲಿ ನಿಂತು ಹೆಸರು ಕೂಗೋದೇನು ಮಹಾ ಕೆಲಸ, ಬಾಯಿ ಇದ್ದವರೆಲ್ಲ ಮಾಡಬಹುದು ಅಂತ ನೀವು ಅಂದುಕೊಂಡಿದ್ದರೆ, ನೀವು ಕೂಗುಮಾವನನ್ನು ನೋಡಿಲ್ಲ ಅಂತ ಅರ್ಥ. ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ತೆಪ್ಪಗೆ ಮಲಗಿತ್ತು, ಎಬ್ಬಿಸಿದವರು ಯಾರೂ ಇಲ್ಲ. ಜಡ್ಜಿನಿಂದ ಹಿಡಿದು ಗೇಟಿನಾಚೆಯ ಟೀ ಅಂಗಡಿಯವನ ತನಕ ಎಲ್ಲರಿಗೂ ಅವನು ಕೂಗುಮಾವ. ಆಳು ನೋಡಿದರೆ ಕಡ್ಡಿ. ಬಿಳಿ ಅಂಗಿಯ ಮೇಲೆ ಅಗಲವಾದ ಬೆಲ್ಟು ಬಿಗಿಯದಿದ್ದರೆ ಗಾಳಿಗೆ ಹಾರಿಹೋಗುತ್ತಿದ್ದನೇನೋ. ಬಾಯಿ ತೆರೆದನೆಂದರೆ ಮಾತ್ರ ರಸ್ತೆಯಾಚೆ ಬಸ್ಸಿಗೆ ಕಾಯುತ್ತಿದ್ದವರೂ ತಮ್ಮನ್ನೇ ಕರೆದರೇನೋ ಅಂತ ತಿರುಗಿ ನೋಡಬೇಕು.

ಅವನಿಗೆ ಆ ಕೆಲಸ ಸಿಕ್ಕಿದ್ದೂ ಗಂಟಲಿನಿಂದಲೇ. ಹುಡುಗನಾಗಿದ್ದಾಗ ಯಾವುದೋ ಕೇಸಿಗೆ ಸಾಕ್ಷಿ ಹೇಳಲು ಬಂದಿದ್ದ. ಆಗಿನ ಮುದುಕ ಕೂಗುವವನ ದನಿ ಹೊಸ್ತಿಲು ದಾಟುತ್ತಿರಲಿಲ್ಲ. ಅಂಗಳದಲ್ಲಿ ಜನ ಕೂತೇ ಇದ್ದಾರೆ, ಒಳಗೆ ಕೇಸುಗಳು ಒಂದೊಂದಾಗಿ ಬಿದ್ದುಹೋಗುತ್ತಿವೆ. ಇವನಿಗೆ ತಡೆಯಲಾಗಲಿಲ್ಲ. ಮುದುಕ ಗೊಣಗಿದ ಹೆಸರನ್ನು ಹಿಂದಿನ ಬೆಂಚಿನಿಂದಲೇ ಎತ್ತಿಕೊಂಡು ಒಮ್ಮೆ ಕೂಗಿಬಿಟ್ಟ. ಜಡ್ಜು ಕೆಂಡವಾದರು. ಆದರೆ ಆ ಹೆಸರಿನವನು ಎದ್ದೆನೋ ಬಿದ್ದೆನೋ ಅಂತ ಓಡಿ ಬಂದು ಕೈಮುಗಿದು ನಿಂತದ್ದನ್ನು ನೋಡಿ, ಬೈಯುವ ಬದಲು ಓದು ಬರಹ ಬರುತ್ತಾ ಅಂತ ಕೇಳಿದರಂತೆ.

ಕೋರ್ಟಿನಲ್ಲಿ ಪ್ರತಿ ಹೆಸರನ್ನೂ ಮೂರು ಸಲ ಕೂಗಬೇಕು. ಮೂರು ಕೂಗಿಗೂ ದಾವೆ ಹಾಕಿದವನು ಬರದಿದ್ದರೆ ದಾವೆ ವಜಾ. ಎದುರಾಳಿ ಬರದಿದ್ದರೆ ಅವನ ಮಾತು ಕೇಳದೆಯೇ ವಿಚಾರಣೆ ಮುಂದೆ ಸಾಗುತ್ತದೆ. ಮೊದಲೆರಡು ಕೂಗುಗಳನ್ನು ಕೂಗುಮಾವ ಪಟಪಟನೆ ಮುಗಿಸುತ್ತಿದ್ದ. ಎರಡಕ್ಕೂ ಮೂರಕ್ಕೂ ನಡುವೆ ಇತ್ತು ನೋಡಿ ಅವನ ದರ್ಬಾರು. ಆಗ ಬೆಲ್ಟು ಸರಿಮಾಡಿಕೊಳ್ಳಬೇಕು. ಗಂಟಲಿಗೆ ಒಂದು ಗುಟುಕು ನೀರು ಬೇಕು. ಚಪ್ಪಲಿಯಲ್ಲಿ ಕಲ್ಲು ಸಿಕ್ಕಿರುತ್ತದೆ, ಅದನ್ನು ಕೊಡವಬೇಕು. ಅಷ್ಟರಲ್ಲಿ ಬಸ್ಸು ತಪ್ಪಿಸಿಕೊಂಡ ಮುದುಕಿಯೋ ಟೀ ಕುಡಿಯಲು ಹೋದ ಪುಣ್ಯಾತ್ಮನೋ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುತ್ತಿದ್ದರು. ಆಮೇಲೇ ಮೂರನೇ ಕೂಗು. ವಕೀಲರು ಕಣ್ಣು ಮೇಲೆ ಮಾಡುತ್ತಿದ್ದರು, ಅಷ್ಟೇ. ಆ ನೀರಿನ ಗುಟುಕಿನಿಂದ ಒಮ್ಮೆಯಾದರೂ ಕೇಸು ಉಳಿಸಿಕೊಳ್ಳದ ವಕೀಲ ಆ ಕೋರ್ಟಿನಲ್ಲಿ ಯಾರೂ ಇರಲಿಲ್ಲ.

ಹೀಗೆ ವರ್ಷಗಟ್ಟಲೆ ಬಾಗಿಲಲ್ಲಿ ನಿಂತು ಕಿವಿಗೆ ಬಿದ್ದ ಕಾನೂನನ್ನೆಲ್ಲ ಅವನು ಮನೆಗೆ ಹೊತ್ತು ತರುತ್ತಿದ್ದ. ಹೆಂಡತಿಯ ಪಾಡು ಕೇಳಬೇಡಿ. ಪಕ್ಕದ ಬೀದಿಯವಳು ಹೀಗಂದಳಂತೆ ಅಂತ ಬಾಯಿ ಬಿಟ್ಟರೆ, ಕೇಳಿದ ಮಾತು ಸಾಕ್ಷಿಯಲ್ಲ, ಅಂದವಳನ್ನೇ ಕರೆಸು ಅನ್ನುತ್ತಿದ್ದ. ಹೋದ ವರ್ಷ ಛತ್ರಿ ಬಿಟ್ಟು ಬಂದದ್ದನ್ನು ಎತ್ತಿದರೆ, ಆ ಜಗಳ ಆಗಲೇ ತೀರ್ಮಾನವಾಗಿದೆ, ತೀರಿದ್ದನ್ನು ಮತ್ತೆ ತೆಗೆಯುವ ಹಾಗಿಲ್ಲ ಅಂತ ತಳ್ಳಿಹಾಕುತ್ತಿದ್ದ. ಅವಳೇನು ಕಡಿಮೆಯೇ? ಅಡುಗೆಗೆ ಉಪ್ಪು ಜಾಸ್ತಿ ಅಂತ ಅವನು ಕೈ ತೊಳೆದುಕೊಂಡು ಬಂದು ರಾಗ ಎಳೆದ ದಿನ, ಖಾಲಿ ತಟ್ಟೆಯನ್ನು ಅವನ ಮೂಗಿನ ಕೆಳಗೆ ಹಿಡಿದು, ಕೊನೆಯ ತುತ್ತಿನ ತನಕ ಉಂಡು ಒಪ್ಪಿಕೊಂಡವರು ಈಗ ಮಾತು ತಿರುಗಿಸೋಕೆ ನಿಮ್ಮ ಕೋರ್ಟು ಬಿಡುತ್ತಾ ಅಂತ ಕೇಳಿದಳು. ಬಿಡೋದಿಲ್ಲ. ಕೂಗುಮಾವ ಹೋಗಿ ಮಲಗಿದ.

ಇಷ್ಟು ಚೆನ್ನಾಗಿದ್ದ ಸಂಸಾರಕ್ಕೆ ಕಲ್ಲು ಬಿದ್ದದ್ದು ಒಂದು ಕಿಟಕಿಯಿಂದ.

ಹೆಂಡತಿಗೆ ಒಬ್ಬ ತಮ್ಮ. ತಾಯಿ ಇಲ್ಲದ ಆ ಮಗುವನ್ನು ಅವಳೇ ಸಾಕಿ ಬೆಳೆಸಿದ್ದಳು. ಮದುವೆಯಾಗಿ ಬಂದಾಗ ಅವಳ ಕೈ ಹಿಡಿದುಕೊಂಡು ಅವನೂ ಬಂದುಬಿಟ್ಟ. ಮನೆಯಲ್ಲಿ ಅವನನ್ನು ಕರೆಯುತ್ತಿದ್ದದ್ದು ಮರಿ ಅಂತ. ಮರಿ ಬೆಳೆದು ದರ್ಜಿಯಾದ, ಪಕ್ಕದ ಮನೆಯನ್ನೇ ತೆಗೆದುಕೊಂಡ, ದಪ್ಪ ಮೀಸೆ ಬಿಟ್ಟ. ಊರಿನ ವಕೀಲರಿಗೆಲ್ಲ ಕರಿ ಗೌನು ಹೊಲಿಯುವವನು ಅವನೇ. ಕರಿ ಬಟ್ಟೆಯ ಮೇಲೆ ಕರಿ ದಾರದ ಹೊಲಿಗೆ ಅಂದರೆ ಕಣ್ಣಿಗೆ ಕಾಣಬೇಕಲ್ಲ? ಅದಕ್ಕೆ ಅವನ ಮಿಷನ್ನು ಕಿಟಕಿಗೆ ಅಂಟಿಕೊಂಡೇ ಇತ್ತು. ಆ ಕಿಟಕಿಗೆ ಬೆಳಕು ಬರುತ್ತಿದ್ದದ್ದು ಕೂಗುಮಾವನ ಹಿತ್ತಲಿನಿಂದ.

ಕೂಗುಮಾವನಿಗೆ ಒಂದು ಚಟ. ಕೋರ್ಟಿನಲ್ಲಿ ಹರಾಜಿಗೆ ಹಾಕಿದ ಮುರುಕು ಕುರ್ಚಿಗಳನ್ನು ಕೊಂಡು ತರುತ್ತಿದ್ದ. ಒಂದರ ಮೇಲಂತೂ ಇಂಥ ದೊಡ್ಡ ಜಡ್ಜು ಕೂತಿದ್ದರು ಅಂತ ಆಣೆ ಮಾಡಿ ಹೇಳುತ್ತಿದ್ದ, ಅದಕ್ಕೆ ಇದ್ದದ್ದು ಮೂರೇ ಕಾಲು. ಕುರ್ಚಿಗಳು ಹೆಚ್ಚಿದವು, ಹಿತ್ತಲಿನಲ್ಲಿ ತಗಡಿನ ಶೆಡ್ಡು ಎದ್ದಿತು, ಕಿಟಕಿಗೆ ಕತ್ತಲೆ ಕವಿಯಿತು. ಮರಿ ಬಂದು ಮೆತ್ತಗೆ ಕೇಳಿದ, ಭಾವ, ಶೆಡ್ಡು ಸ್ವಲ್ಪ ಆಚೆ ಸರಿಸಿದರೆ ನನಗೆ ದಾರ ಕಾಣುತ್ತೆ. ಆಗಲಿ ಅಂದಿದ್ದರೆ ಮುಗಿದುಹೋಗುತ್ತಿತ್ತು. ಬಾಯಲ್ಲಿ ಕಾನೂನು ಕೂತಿತ್ತಲ್ಲ, ಹಾಳಾದ್ದು!

"ನೋಡು ಮರಿ, ಬೆಳಕು ನಿನ್ನ ಹಕ್ಕಲ್ಲ. ಇಷ್ಟು ದಿನ ನಾನು ದಾಕ್ಷಿಣ್ಯಕ್ಕೆ ಬಿಟ್ಟಿದ್ದೆ, ಅಷ್ಟೆ."

ತಮಾಷೆಗೇ ಅಂದದ್ದು, ಮರುದಿನ ಸರಿಸುವವನೇ. ಆದರೆ ಅಕ್ಕನ ಬೆನ್ನಿಗೆ ಬಂದು ಭಾವನ ಮನೆಯಲ್ಲಿ ಉಂಡು ಬೆಳೆದವನಿಗೆ ದಾಕ್ಷಿಣ್ಯ ಅನ್ನುವ ಮಾತು ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಅವನು ಗೌನಿನ ಅಳತೆಗೆ ಬಂದ ವಕೀಲರನ್ನು ಒಬ್ಬೊಬ್ಬರನ್ನಾಗಿ ಕೇಳಿದ. ಇಪ್ಪತ್ತು ವರ್ಷ ಯಾರ ತಡೆಯೂ ಇಲ್ಲದೆ ಕಿಟಕಿಗೆ ಬಂದ ಬೆಳಕು ಹಕ್ಕಾಗುತ್ತದೆ, ಯಾರದೋ ಅಪ್ಪಣೆಯಿಂದ ಬಂದದ್ದಾದರೆ ಎಷ್ಟು ವರ್ಷವಾದರೂ ಆಗೋದಿಲ್ಲ ಅಂತ ಎಲ್ಲರೂ ಒಂದೇ ಮಾತು ಹೇಳಿದರು. ಅಪ್ಪಣೆಯೋ ಹಕ್ಕೋ ಕೋರ್ಟೇ ಹೇಳಲಿ ಅಂತ ಅವನು ದಾವೆ ಹಾಕಿಯೇಬಿಟ್ಟ. ವಕೀಲರನ್ನು ಇಟ್ಟುಕೊಳ್ಳಲಿಲ್ಲ. ಒಬ್ಬರನ್ನು ಹಿಡಿದರೆ ಉಳಿದ ಗಿರಾಕಿಗಳು ಮುಖ ಊದಿಸಿಕೊಂಡಾರು ಅನ್ನುವ ಭಯ. ಕೂಗುಮಾವನೂ ಇಟ್ಟುಕೊಳ್ಳಲಿಲ್ಲ. ಅವನಿಗೆ ತನಗೆಲ್ಲ ಗೊತ್ತು ಅನ್ನುವ ಜಂಬ.

ನಮ್ಮ ಕೋರ್ಟಿನ ನೌಕರನ ಕೇಸು, ಬೇರೆ ಊರಿಗೆ ಕಳಿಸಲೇ ಅಂತ ಜಡ್ಜು ಕೇಳಿದರು. ಇಬ್ಬರೂ ಬೇಡ ಅಂದರು. ತನ್ನ ಕೇಸಿಗೆ ತಾನೇ ಜಡ್ಜಾಗಬಾರದು, ಸರಿ, ತಾನೇ ಕೂಗಬಹುದೋ ಅಂತ ಹೆಡ್ ಗುಮಾಸ್ತರು ತಲೆ ಕೆರೆದುಕೊಂಡರು. ಕೂಗುವುದು ತೀರ್ಪಲ್ಲ, ಎಲ್ಲರನ್ನೂ ಕೂಗಿದ ಹಾಗೆ ಕೂಗಲಿ ಅಂತ ಜಡ್ಜು ಹೇಳಿದರು.

ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ. ಕೂಗುಮಾವನ ಬಾಯಲ್ಲಿ ಮರಿ ಅನ್ನುವ ಹೆಸರು ಬರಲೇ ಇಲ್ಲ, ವಾದಿ ಅನ್ನುತ್ತಿದ್ದ. ನಡುವೆ ಸುಟ್ಟುಹೋದವಳು ಹೆಂಡತಿ. ಇತ್ತ ಗಂಡ, ಅತ್ತ ಮಗನಂಥ ತಮ್ಮ. ಯಾರು ಗೆದ್ದರೂ ಅವಳು ಸೋತ ಹಾಗೆಯೇ. ತೀರ್ಪಿನ ತನಕ ಹೋದರೆ ಈ ಇಬ್ಬರೂ ಸಾಯುವವರೆಗೆ ಒಬ್ಬರ ಮುಖ ಒಬ್ಬರು ನೋಡೋದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಒಲೆಯ ಮುಂದೆ ಕೂತು ಒಬ್ಬಳೇ ಅಳುತ್ತಿದ್ದಳು.

ಆದರೆ ಕೂಗುಮಾವನ ಹೆಂಡತಿಯಾಗಿ ಅವಳೂ ನಾಲ್ಕು ಕಾನೂನು ಕಲಿತಿದ್ದಳಲ್ಲ! ಈಗ ನಿಮ್ಮ ಕಿವಿಯಲ್ಲಿ ಒಂದು ಮಾತು ಹೇಳುತ್ತೇನೆ, ಅವನಿಗೆ ಗೊತ್ತಾಗೋದು ಬೇಡ. ವಿಚಾರಣೆಯ ಹಿಂದಿನ ದಿನ ಅವಳು ಗೋಡೆಯಾಚೆ ತಮ್ಮನ ಕಿವಿ ಕಚ್ಚಿದಳು. ನಾಳೆ ನೀನು ಹೋಗಬೇಡ, ಮೂರು ಕೂಗಿಗೂ ಬರದಿದ್ದರೆ ದಾವೆ ತಾನಾಗಿ ಬಿದ್ದುಹೋಗುತ್ತೆ, ಗೆದ್ದೆ ಅನ್ನೋ ಸಮಾಧಾನ ಸಿಕ್ಕಿದ ಮೇಲೆ ನಿನ್ನ ಭಾವ ಸಂಜೆಯೊಳಗೆ ತಾನೇ ಶೆಡ್ಡು ಕಿತ್ತು ಹಾಕ್ತಾರೆ, ನನಗೆ ಗೊತ್ತು ಅವರ ಬುದ್ಧಿ, ಅಂದಳು. ಮರಿಗೂ ಸಾಕುಸಾಕಾಗಿತ್ತು. ಹೂಂ ಅಂದ. ಗಂಡನಿಗೆ ಹೇಳುವ ಹಾಗಿರಲಿಲ್ಲ, ಕೋರ್ಟಿನ ಕಣ್ಣಿಗೆ ಮಣ್ಣೆರಚುತ್ತೀರಾ ಅಂತ ಕುಣಿದಾಡುತ್ತಿದ್ದ. ಆ ಗಂಟಲು ಕೇಳಿದರೆ ಮರಿ ತಡೆದುಕೊಂಡಾನೇ ಅನ್ನುವ ಭಯ ಬೇರೆ. ಅದಕ್ಕೆ ಬೆಳಿಗ್ಗೆ ಬೆಲ್ಟು ಕೈಗೆ ಕೊಡುತ್ತಾ ಬೇರೆ ಎತ್ತಲೋ ನೋಡಿಕೊಂಡು ಅಂದಳು:

"ಇವತ್ತು ಗಂಟಲು ಹರಕೊಳ್ಳಬೇಡಿ. ಮೆಲ್ಲಗೆ ಕೂಗಿದರೆ ಸಾಕು."

ಕೂಗುಮಾವ ಅವಳ ಮುಖವನ್ನೇ ನೋಡಿದ. ಗಂಡ ಗೆಲ್ಲಲಿ ಅಂತ ಸ್ವಂತ ತಮ್ಮನಿಗೇ ಮೋಸ ಮಾಡು ಅನ್ನುತ್ತಾಳಲ್ಲ ಇವಳು! ಅದೂ ತನ್ನ ಕೂಗಿನಿಂದಲೇ! ಟೀ ಅರ್ಧಕ್ಕೇ ಬಿಟ್ಟು ಹೊರಟುಬಿಟ್ಟ.

ಅವರ ಕೇಸಿನ ಸರದಿ ಬಂತು. ಕೂಗುಮಾವ ಬಾಗಿಲಿಗೆ ಹೋಗಿ ವಾದಿಯ ಹೆಸರನ್ನು ಅವನಪ್ಪನ ಹೆಸರಿನೊಂದಿಗೆ ಸೇರಿಸಿ ಕೂಗಿದ. ಅಂಗಳದ ಪಾರಿವಾಳಗಳು ಎದ್ದು ಹಾರಿದವು. ಮನುಷ್ಯರು ಯಾರೂ ಏಳಲಿಲ್ಲ.

ಮರಿ ಎಲ್ಲಿದ್ದ ಅಂತೀರಿ? ಮನೆಯಲ್ಲಿ ಕೂರಲಾರದೆ, ದಾವೆ ಬಿದ್ದದ್ದನ್ನು ಕಿವಿಯಾರೆ ಕೇಳಿಯೇ ಹೋಗೋಣ ಅಂತ ಗೇಟಿನಾಚೆ ಟೀ ಅಂಗಡಿಯ ಹಿಂದೆ ಕೂತಿದ್ದ, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಮೊದಲ ಕೂಗಿಗೆ ಲೋಟ ಗಟ್ಟಿಯಾಗಿ ಹಿಡಿದುಕೊಂಡ. ಎರಡನೆಯದಕ್ಕೆ ತಲೆ ತಗ್ಗಿಸಿದ. ಇನ್ನೊಂದು, ಆಮೇಲೆ ಮನೆಗೆ ಹೋಗೋದು.

ಬಾಗಿಲಲ್ಲಿ ಕೂಗುಮಾವ ಬೆಲ್ಟು ಸರಿಮಾಡಿಕೊಂಡ. ಒಳಗೆ ಜಡ್ಜು ಪೆನ್ನು ಎತ್ತಿ ಹಿಡಿದಿದ್ದರು. ಇನ್ನೊಂದು ಸಲ ಬಾಯಿ ಆಡಿಸಿದರೆ ಸಾಕು, ಗೆದ್ದ. ನೀರು ಕುಡಿದ. ಚಪ್ಪಲಿ ಕೊಡವಿದ, ಅದರಲ್ಲಿ ಕಲ್ಲಿರಲಿಲ್ಲ. ಅಂಗಳದಲ್ಲಿ ಒಬ್ಬನೂ ಅತ್ತಿತ್ತ ನೋಡದೆ ಕೂತಿರುವುದು ಅವನಿಗೆ ಆಗ ಕಂಡಿತು. ನೋಡುವುದಾದರೂ ಹೇಗೆ? ಕಾಗದದ ಮೇಲಿನ ಆ ಹೆಸರು ಯಾರಿಗೆ ಗೊತ್ತು? ತಲುಪದ ಕೂಗು ಕೂಗೇ ಅಲ್ಲ. ಇದೇ ಗಂಟಲಿನಿಂದ ಎಷ್ಟು ಸಂಜೆ ಬೀದಿಯ ತುದಿಯಲ್ಲಿ ನಿಂತು ಆಟದ ಮಧ್ಯದಿಂದ ಆ ಪುಟ್ಟ ಹುಡುಗನನ್ನು ಊಟಕ್ಕೆ ಕರೆದಿದ್ದೆ ಅಂತ ನೆನಪಾಯಿತು. ನೆನಪಾದ ಮೇಲೆ ತಡೆಯಲಾಗಲಿಲ್ಲ.

"ಮರೀ! ಬಾರೋ!"

ಇಡೀ ಕೋರ್ಟು ತಿರುಗಿ ನೋಡಿತು. ಟೀ ಅಂಗಡಿಯ ಹಿಂದೆ ಲೋಟ ಬಿತ್ತು. ಏಳಬಾರದು ಅಂತ ತಲೆ ಹೇಳುವುದರೊಳಗೆ ಕಾಲು ಎದ್ದಾಗಿತ್ತು.

"ಬಂದೇ, ಭಾವಾ!"

ದಪ್ಪ ಮೀಸೆಯ ಮರಿ ಟೇಪು ಹಾರಿಸಿಕೊಂಡು ಮೆಟ್ಟಿಲು ಹತ್ತಿ ಬಂದಾಗ ವಕೀಲರು ಗೌನಿನ ತುದಿಯಿಂದ ಬಾಯಿ ಮುಚ್ಚಿಕೊಂಡರು. ಜಡ್ಜು ಫೈಲು ತಿರುವಿ ಹಾಕಿ, ಮರಿ ಅನ್ನುವ ಪಕ್ಷಗಾರ ಇದರಲ್ಲಿ ಯಾರೂ ಇಲ್ಲವಲ್ಲ ಅಂದರು. ಆಮೇಲೆ, ಇಷ್ಟು ಹೊತ್ತು ಎಲ್ಲಿದ್ದಿರಿ ಅಂತ ಕೇಳಿದರು. ಮರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

"ಬರಬಾರದು ಅಂತಲೇ ಇದ್ದೆ ಸ್ವಾಮಿ. ಬರಬೇಡ, ಕೇಸು ಬಿದ್ದುಹೋಗಲಿ ಅಂತ ಅಕ್ಕ ಅಂದಿದ್ದಳು. ಭಾವ ಕರೆದರು, ಬಂದುಬಿಟ್ಟೆ."

ಬಾಗಿಲಲ್ಲಿ ಕೂಗುಮಾವ ಹಣೆ ಚಚ್ಚಿಕೊಂಡ. ಮೆಲ್ಲಗೆ ಕೂಗಿ ಅಂದಳಲ್ಲ! ಅಯ್ಯೋ, ಇದಕ್ಕಾ! ತಾನಾಗಿ ಆರುತ್ತಿದ್ದ ಬೆಂಕಿಯನ್ನು ನಿಯತ್ತಿನಿಂದ ಊದಿ ಊದಿ ಹೊತ್ತಿಸಿದ ಹಾಗಾಗಿತ್ತು ಅವನ ಕಥೆ.

ಪ್ರತಿವಾದಿ ಏನು ಹೇಳುತ್ತೀರಿ ಅಂತ ಜಡ್ಜು ಕೇಳಿದರು. ಬಾಗಿಲಿನಿಂದ ಕಟಕಟೆಗೆ ನಾಲ್ಕು ಹೆಜ್ಜೆ. ಊರವರನ್ನೆಲ್ಲ ಅಲ್ಲಿಗೆ ಕಳಿಸಿದವನು ತಾನು ಒಮ್ಮೆಯೂ ಹೋದವನಲ್ಲ. ಹೋಗಿ ನಿಂತ, ಬಾಯಿ ತೆರೆದ, ದನಿಯೇ ಹೊರಡಲಿಲ್ಲ.

"ಸ್ವಲ್ಪ ಜೋರಾಗಿ ಹೇಳಿ," ಅಂದರು ಜಡ್ಜು. ಕೂಗುಮಾವನಿಗೆ ಆ ಮಾತು ಹೇಳಿದ ಮನುಷ್ಯ ಭೂಮಿಯ ಮೇಲೆ ಅವರೊಬ್ಬರೇ.

"ದಾಕ್ಷಿಣ್ಯ ಅಲ್ಲ, ಸ್ವಾಮಿ," ಅಂದ ಅವನು. "ನಾನು ಬಿಟ್ಟದ್ದಲ್ಲ, ಕೊಟ್ಟದ್ದೂ ಅಲ್ಲ. ಅದು ಅವನ ಬೆಳಕೇ."

ಮರಿ ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡ. ಎದುರಾಳಿಯೇ ಒಪ್ಪಿದ್ದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ ಅಂತ ಜಡ್ಜು ಅಲ್ಲೇ ಆದೇಶ ಬರೆದರು. ತೀರಿದ ಜಗಳವನ್ನು ಮತ್ತೆ ಎತ್ತುವ ಹಾಗಿಲ್ಲ, ಗೊತ್ತಲ್ಲ ಅಂತ ಕೇಳಿದರು. ಗೊತ್ತು ಅಂತ ಇಬ್ಬರೂ ತಲೆಯಾಡಿಸಿದರು.

ಸಂಜೆ ಹಿತ್ತಲಿನಲ್ಲಿ ಇಬ್ಬರೂ ಸೇರಿ ತಗಡು ಕೀಳುತ್ತಿದ್ದರು. ಮೂರು ಕಾಲಿನ ಕುರ್ಚಿಯನ್ನು ಎಲ್ಲಿಡಬೇಕು ಅಂತ ಆಗಲೇ ಹೊಸ ವಾದ ಶುರುವಾಗಿತ್ತು. ಒಬ್ಬರಿಗೆ ಮೆಲ್ಲಗೆ ಕೂಗಿ ಅಂದೆ, ಇನ್ನೊಬ್ಬನಿಗೆ ಬರಲೇಬೇಡ ಅಂದೆ, ಇಬ್ಬರಲ್ಲಿ ಒಬ್ಬರಾದರೂ ನನ್ನ ಮಾತಿಗೆ ಸೊಪ್ಪು ಹಾಕಿದಿರಾ ಅಂತ ಅವಳು ಇಬ್ಬರಿಗೂ ಮಂಗಳಾರತಿ ಎತ್ತಿ ಒಳಗೆ ಹೋಗಿದ್ದಳು. ಒಳಗೆ ಅವಳಿಗೆ ಎಷ್ಟು ಸಂತೋಷವಾಗಿತ್ತೆಂದರೆ, ಒಲೆಯ ಮುಂದೆ ಮತ್ತೆ ಅತ್ತುಬಿಟ್ಟಳು. ಕೊನೆಯ ತಗಡು ಕಳಚಿದಾಗ ಮಿಷನ್ನಿನ ಮೇಲೆ ಬೆಳಕು ಬಿತ್ತು, ಹೊಲಿಯುತ್ತಾ ಬಿಟ್ಟಿದ್ದ ಗೌನಿನ ಕರಿ ದಾರ ಕಿಟಕಿಯಾಚೆಯಿಂದಲೇ ಕಾಣಿಸಿತು.

ಅಷ್ಟರಲ್ಲಿ ಒಳಗಿನಿಂದ ಅವಳ ದನಿ ಬಂತು, ಇಬ್ಬರೂ ಊಟಕ್ಕೆ ಬನ್ನಿ ಅಂತ. ಹೆಚ್ಚೇನೂ ಜೋರಾಗಿರಲಿಲ್ಲ. ಕೂಗುಮಾವ ತಗಡು ಅಲ್ಲೇ ಬಿಟ್ಟ, ಮರಿ ಸುತ್ತಿಗೆ ಅಲ್ಲೇ ಬಿಟ್ಟ, ಇಬ್ಬರೂ ಕೈ ತೊಳೆಯಲು ಓಡಿದರು. ಅವಳ ಕೋರ್ಟಿನಲ್ಲಿ ಕೂಗು ಒಂದೇ.